ಸುರೇಂದ್ರ ಮೇಷ್ಟ್ರ ಬಡಿಸುವ ಪರೀಕ್ಷೆ

ಸಕಲೇಶಪುರದ ನಮ್ಮ ಕಾಲೇಜಿನಲ್ಲಿ ಹೋಟೆಲ್ ಮತ್ತು ಪ್ರವಾಸೋದ್ಯಮದ ಡಿಗ್ರಿಗೆ ಪಾಠ ಹೇಳುವ ಸುರೇಂದ್ರನಷ್ಟು ಹಟಮಾರಿಯಾದ ಇನ್ನೊಬ್ಬನನ್ನು ನಾನು ಕಂಡಿಲ್ಲ. ನಾನು ಪಕ್ಕದ ಕೋಣೆಯ ಕಾಮರ್ಸ್ ಮೇಷ್ಟ್ರು. ಹತ್ತು ವರ್ಷದಿಂದ ಇಬ್ಬರೂ ಡಬ್ಬಿಯ ಊಟ ಹಂಚಿಕೊಂಡು ತಿಂದಿದ್ದೇವೆ. ಅವನ ಬಗ್ಗೆ ಹೀಗೆ ಬರೆಯಲು ಅಷ್ಟು ಸಲುಗೆ ಸಾಕು.

ಅವನು ವನಗೂರಿನವನು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಓದು ಮುಗಿಸಿ ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದ ಮೊದಲ ವಾರವೇ, ಬೇಡವೆಂದ ಒಬ್ಬರ ಬಟ್ಟಲಿಗೆ ಇವನು ಇನ್ನೊಂದು ಸೌಟು ಪಾಯಸ ಹಾಕಿಬಿಟ್ಟ. ಅವರಿಗೆ ಸಕ್ಕರೆ ಕಾಯಿಲೆ. ಮ್ಯಾನೇಜರ್ ಎಲ್ಲರೆದುರು ನಿಲ್ಲಿಸಿ ಬೈದದ್ದನ್ನು ಸುರೇಂದ್ರ ಇವತ್ತಿಗೂ ಮರೆತಿಲ್ಲ. ಹಾಗಾಗಿ ಅವನ ಮೊದಲ ಪಾಠ ಯಾವಾಗಲೂ ಒಂದೇ: ಅತಿಥಿ ಬೇಡ ಎಂದರೆ ಬೇಡ, ಸೌಟು ಹಿಂದಕ್ಕೆ ತೆಗೆಯಬೇಕು.

ನಮ್ಮ ಕಡೆಯ ಮಕ್ಕಳಿಗೆ ಈ ಪಾಠ ಸುಲಭವಾಗಿ ತಲೆಗೆ ಹತ್ತುವುದಿಲ್ಲ. ಇಲ್ಲಿ ನೆಂಟರು ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲೇ ಸಾರು ಬಿಡುವ ಜನ ನಾವು. ಒಂದೇ ಸಲ ಕೇಳಿ ಮುಂದೆ ಹೋದ ಮನೆಯವರ ಸುದ್ದಿ ಹೋಬಳಿಯೆಲ್ಲ ಸುತ್ತಿ ಬರುತ್ತದೆ.

ಹಾನುಬಾಳಿನ ಚೈತ್ರಶ್ರೀ ಎಡವಿದ್ದು ಇಲ್ಲೇ. ಅಡುಗೆ, ಹಾಸಿಗೆ ಹಾಸುವುದು, ಇಂಗ್ಲಿಷಿನಲ್ಲಿ ಫೋನಿಗೆ ಉತ್ತರ ಕೊಡುವುದು, ಎಲ್ಲದರಲ್ಲೂ ಅವಳು ಮುಂದು. ಹೋದ ವರ್ಷ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೇ ಅತಿಥಿಯಾಗಿ ಕೂತಿದ್ದರು. ಅವರು ಬೇಡ ಬೇಡ ಅನ್ನುತ್ತಿದ್ದಂತೆ ಈ ಹುಡುಗಿ ಮೂರನೆಯ ಕಡುಬು ಹಾಕಿ, ಮೇಲೆ ಕೋಳಿ ಸಾರು ಸುರಿದಳು. ಸಾರು ಅವರ ಬಿಳಿ ಶರ್ಟಿಗೆ ಸಿಡಿಯಿತು.

“ಮರ್ಯಾದೆಗೆ ಬ್ಯಾಡ ಅಂದ್ರು ಅನ್ಕಂಡೆ ಸರ್,” ಎಂದು ಅತ್ತಳು.

ಪರೀಕ್ಷಕರು ಇನ್ನೇನು ಕರಗುವವರಿದ್ದರು. ಸುರೇಂದ್ರ ಕರಗಲಿಲ್ಲ, ಫೇಲ್ ಮಾಡಿಸಿದ. ಅವಳಿಗೆಂದು ರೆಸಾರ್ಟೊಂದರಲ್ಲಿ ಇಟ್ಟಿದ್ದ ಕೆಲಸ ಬೇರೆಯವರ ಪಾಲಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

“ಒಂದು ಕಡುಬಿಗೆ ಆ ಹುಡುಗಿ ಒಂದು ವರ್ಷ ಕಿತ್ಕಂಡ್ಬುಟ್ಯಲ್ಲೋ ಮಾರಾಯ!” ಎಂದೆ.

“ಹೊರಗೆ ಹೋಗಿ ನನ್ನಂಗೆ ಬೈಸ್ಕಳದಕ್ಕಿಂತ ಇಲ್ಲೇ ಕಲೀಲಿ ಕಣೋ,” ಎಂದ. ಒಂದು ವಾರ ನಾನು ಅವನ ಡಬ್ಬಿ ಮುಟ್ಟಲಿಲ್ಲ.

ಈ ವರ್ಷ ಅವಳು ಮತ್ತೆ ಪರೀಕ್ಷೆ ಕಟ್ಟಿದಳು. ಇನ್ನೊಂದು ರೆಸಾರ್ಟಿನವರು, ಪಾಸಾದರೆ ಬಾ ಎಂದಿದ್ದರು. ಇದೂ ತಪ್ಪಿದರೆ ತೋಟದ ಕೆಲಸಕ್ಕೆ ಬಾ ಎಂದು ಅವಳಪ್ಪ ಹೇಳಿಯಾಗಿತ್ತು. ಸುರೇಂದ್ರ ತಿಂಗಳಿಡೀ ಕಾಲೇಜು ಬಿಟ್ಟ ಮೇಲೆ ಅವಳಿಗೆ ಅಭ್ಯಾಸ ಮಾಡಿಸಿದ. ಅತಿಥಿ ನಾನೇ. ಖಾಲಿ ತಟ್ಟೆ, ಖಾಲಿ ಸೌಟು, ಬೇಡ ಅನ್ನುವುದಷ್ಟೇ ನನ್ನ ಕೆಲಸ.

ಪರೀಕ್ಷೆಯ ದಿನ ಮೈಸೂರಿನಿಂದ ಬಂದ ಪರೀಕ್ಷಕಿ, ಅತಿಥಿ ಕಾಲೇಜಿನವರಾಗಬಾರದು ಎಂದರು. ನಾನು ಆಫೀಸಿನ ಬೆಂಚಿನ ಮೇಲಿದ್ದ ಭೂತಯ್ಯನವರನ್ನು ಕರೆತಂದೆ. ಬಿಸಿಲೆ ಕಡೆಯ ಮುದುಕರು, ಮೊಮ್ಮಗಳ ಟಿ.ಸಿ.ಗಾಗಿ ಮೊದಲ ಬಸ್ಸಿಗೇ ಬಂದಿದ್ದರು. ಮಧ್ಯಾಹ್ನವಾದರೂ ಗುಮಾಸ್ತರು ಬಂದಿರಲಿಲ್ಲ. ಭೂತಯ್ಯನವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಬಿಳಿ ಬಟ್ಟೆ ಹಾಸಿದ ಮೇಜಿನೆದುರು ಅವರು ಕುರ್ಚಿಯ ತುದಿಯಲ್ಲಿ ಕೂತರು. ಎರಡು ಕಡುಬು ನೋಡನೋಡುತ್ತಲೇ ಖಾಲಿಯಾದವು. ಚೈತ್ರಶ್ರೀ ಪಾತ್ರೆ ಹಿಡಿದು ಬಗ್ಗಿ, “ಇನ್ನೊಂದು ಬಡಿಸಲಾ, ಸರ್?” ಎಂದಳು.

“ಅಯ್ಯೋ ಬ್ಯಾಡ ಕಣವ್ವ, ಆಯ್ತು,” ಎಂದು ಭೂತಯ್ಯ ಕೈ ಅಡ್ಡ ಹಿಡಿದರು. ಕಣ್ಣು ಪಾತ್ರೆಯ ಮೇಲೇ ಇತ್ತು.

ಅವರ ಹಸಿವು ತೀರಿಲ್ಲವೆಂದು ನನಗೆ ಗೊತ್ತಾಯಿತು, ಸುರೇಂದ್ರನಿಗೂ ಗೊತ್ತಾಯಿತು. ಚೈತ್ರಶ್ರೀಗಂತೂ ನಮಗಿಂತ ಮೊದಲೇ ಗೊತ್ತಾಗಿರಬೇಕು, ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ, “ಸರಿ ಸರ್, ಧನ್ಯವಾದ,” ಎಂದು ಹಿಂದಕ್ಕೆ ಸರಿದಳು. ಭೂತಯ್ಯ ಇನ್ನೂ ಸ್ವಲ್ಪ ಹೊತ್ತು ಕೈ ಅಡ್ಡ ಹಿಡಿದೇ ಇದ್ದರು. ಯಾರೂ ಮತ್ತೆ ಕೇಳದಿದ್ದಾಗ ಲೋಟದ ನೀರೆಲ್ಲ ಕುಡಿದರು. ನನಗೆ ನಾಚಿಕೆಯಾಯಿತು.

ಪರೀಕ್ಷಕಿ ತುಂಬ ಮೆಚ್ಚಿ, ಐವತ್ತಕ್ಕೆ ನಲವತ್ತಾರು ಹಾಕಿ ಹಾಳೆಯನ್ನು ಸುರೇಂದ್ರನ ಕಡೆ ತಳ್ಳಿದರು. ಖುಷಿಪಡಬೇಕಾದವನು ಮುಖ ಸಣ್ಣದು ಮಾಡಿಕೊಂಡು ಪೆನ್ನು ಹಿಡಿದು ಕೂತ. ಕೊನೆಗೂ ಸಹಿ ಹಾಕಿದ. ಪರೀಕ್ಷಕಿ ಹಾಳೆಯನ್ನು ಕವರಿಗೆ ಹಾಕಿ ಅಂಟಿಸಿದರು.

ಗೋಡೆಯ ಪಕ್ಕ ನಿಂತಿದ್ದ ಚೈತ್ರಶ್ರೀ ಅಲ್ಲಿಯವರೆಗೂ ಪಾತ್ರೆ ಕೆಳಗಿಟ್ಟಿರಲಿಲ್ಲ.

“ಸರ್, ಪರೀಕ್ಷೆ ಮುಗೀತಾ?” ಎಂದು ಸುರೇಂದ್ರನನ್ನು ಕೇಳಿದಳು.

“ಮುಗೀತಮ್ಮ. ಪಾಸಾಗಿದ್ದೀಯ.”

“ಹಂಗಾರೆ ಈಗ ಅಜ್ಜಂಗೆ ಬಡಿಸ್ಲಾ ಸರ್? ಕಡುಬು ಇನ್ನೂ ಬಿಸಿ ಐತೆ.”

ಭೂತಯ್ಯ ಅಷ್ಟರಲ್ಲಿ ಕುರ್ಚಿಯಿಂದ ಏಳುತ್ತಿದ್ದರು. ಸುರೇಂದ್ರ ಹೋಗಿ ಅವರ ಭುಜ ಹಿಡಿದು ಕೂರಿಸಿದ.

“ಬ್ಯಾಡಿ ಮೇಷ್ಟ್ರೇ, ಹೊಟ್ಟೆ ತುಂಬೈತೆ,” ಎಂದರು ಅವರು, ತಟ್ಟೆಗೆ ಕೈ ಅಡ್ಡ ಹಿಡಿದು.

ಸುರೇಂದ್ರ ಆ ಕೈಯನ್ನು ತಾನೇ ಪಕ್ಕಕ್ಕೆ ಸರಿಸಿ, “ಹಾಕಮ್ಮ ನೀನು,” ಎಂದ.