ಹುಲಿಗೆಮ್ಮತ್ತೆ ಮತ್ತು ಕೆಂಪು ದಾರದ ಕೋಳಿ

ನನ್ನ ಸೋದರತ್ತೆ ಹುಲಿಗೆಮ್ಮತ್ತೆ ಕೋಳಿಮರಿಗಳನ್ನು ಬೈದೇ ಸಾಕುತ್ತಿದ್ದಳು. ಮಸರಕಲ್ಲಿನ ನಮ್ಮ ಮನೆಯ ಹಿಂದೆ, ತಗಡನ್ನು ದುಂಡಗೆ ಬಗ್ಗಿಸಿ ಮಾಡಿದ ಗೂಡು; ಒಳಗೆ ಮಾನ್ವಿಯ ಅಕ್ಕಿ ಗಿರಣಿಯಿಂದ ತಂದ ಹೊಟ್ಟಿನ ಹಾಸು, ಮೇಲೊಂದು ತೂಗುವ ಬಲ್ಬು. ಎಳೆಯ ಮರಿಗಳು ಬಲ್ಬಿನಡಿ ಒಂದಕ್ಕೊಂದು ಒತ್ತಿಕೊಂಡರೆ, "ಯಾಕ್ರಲೇ, ಸಂತ್ಯಾಗ ನಿಂತಂಗ ನಿಂತೀರಿ? ಥಂಡಿ ಆತೇನು?" ಎಂದು ಬಲ್ಬು ಇಳಿಸುವಳು. ಬಾಯಿ ತೆರೆದು ತಗಡಿನ ಅಂಚಿಗೆ ಸರಿದರೆ, "ರಾಯಚೂರು ಬಿಸಿಲು ಸಾಲದಂತ ನಿಮಗ ಬಲ್ಬ್ ಬ್ಯಾರೆ!" ಎಂದು ಆರಿಸುವಳು. ಮನುಷ್ಯರಿಗೂ ಅದೇ ನಾಲಿಗೆ. ದೇವದುರ್ಗದ ಸಂತೆಯಲ್ಲಿ ಕೋಳಿಯ ಎದೆ ಹಿಚುಕಿ ನೋಡಿದ ಗಿರಾಕಿಗೆ, "ನಿನ್ನ ಎದಿ ಯಾರರೆ ಹಿಂಗ ಹಿಚುಕಿ ನೋಡ್ಯಾರೇನು? ನಡಿ, ನಿನಗ ಮಾರಂಗಿಲ್ಲ" ಎಂದು ಕಳಿಸಿದ್ದಳು.

ತನ್ನ ಬೈಗುಳಕ್ಕೇ ಮರಿಗಳು ಓಡಿ ಬರುತ್ತವೆ ಎಂಬುದು ಅವಳ ಸಿದ್ಧಾಂತ. ನಾನು ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪುರಾವೆಯಿಲ್ಲದ ಮಾತನ್ನು ಸುಮ್ಮನೆ ಬಿಡುವುದುಂಟೇ?

"ಅತ್ತಿ, ಅವು ನಿನ್ನ ಬಾಯಿಗಿ ಬರಂಗಿಲ್ಲ, ಕಾಳಿನ ಡಬ್ಬಿ ಸಪ್ಪಳಕ್ಕ ಬರ್ತಾವ" ಎಂದು ಡಬ್ಬಿ ಬಡಿದೆ. ಎಲ್ಲವೂ ಬಂದವು. ಅತ್ತೆ ಸೋಲೊಪ್ಪುವಳೇ? "ಅವ್ಕ ಬುದ್ಧಿ ಇಲ್ಲ, ನಿನ್ನಂಗ."

ಹೀಗೆ ಯಾವುದನ್ನೂ ಒಪ್ಪದವಳು, ನಾನು ರಜೆಗೆ ಬಂದು ಚೀಲ ಇಳಿಸುವ ಮುಂಚೆಯೇ ಹೊಸ ಜಗಳವೊಂದನ್ನು ತೆಗೆದಿಟ್ಟುಕೊಂಡಿರುತ್ತಿದ್ದಳು.

ರೆಕ್ಕೆಗೆ ಗರಿ ಮೂಡಿದಂತೆ ಮರಿಗಳು ಬಲ್ಬಿನ ಹಂಗು ಬಿಡುತ್ತವೆ. ಒಂದಕ್ಕೆ ಹುಳ ಸಿಕ್ಕರೆ ಕಚ್ಚಿಕೊಂಡು ಓಡುತ್ತದೆ, ಉಳಿದವು ಬೆನ್ನಟ್ಟುತ್ತವೆ. ಆಮೇಲೆ ಎದೆಗೆ ಎದೆ ಕೊಟ್ಟು, ಕತ್ತು ಚಾಚಿ ಸೆಣಸುತ್ತವೆ. ಆ ಸಲ ಚುಕ್ಕೆ ಮೈಯ ಮರಿಯೊಂದು, ನಮ್ಮ ಚುಕ್ಕಿ, ಎಲ್ಲವನ್ನೂ ಕೆಡವಿ, ತಗಡಿನ ಅಂಚಿಗೆ ಹಾರಿ ಕೂತಿತು. ಅತ್ತೆಯ ಅಣ್ಣ, ನಮ್ಮ ದೊಡ್ಡಪ್ಪ, ಅದನ್ನು ಹಿಡಿದು ಕಾಲಿಗೆ ಕೆಂಪು ದಾರ ಕಟ್ಟಿದ. ನಮ್ಮ ಮನೆಯಲ್ಲಿ ಅದು ಹರಕೆಯ ಹುಂಜದ ಗುರುತು. ಕಟ್ಟಿದ ಮೇಲೆ ಮಾರುವಂತಿಲ್ಲ. ಅದು ದೇವಿಯ ಬಲಿ.

"ಯವ್ವಾ ದುರುಗವ್ವಾ, ಈ ಹುಡುಗಿ ಬಾಯಿಗಿ ಕಡಿವಾಣ ಬೀಳ್ಲಿ. ಕಾಲೇಜು ಬಿಟ್ಟು ಒಂದು ಮನಿ ಸೇರ್ಲಿ. ಈ ಹುಂಜ ನಿಂದು" ಎಂದು ನನ್ನತ್ತ ನೋಡುತ್ತಲೇ ಕೈ ಮುಗಿದ.

ಅಪ್ಪ ಅಣ್ಣನ ಮಾತು ಮೀರುವವನಲ್ಲ.

"ಅದು ಹುಂಜ ಅಂತ ಯಾರು ಹೇಳಿದ್ರು? ಹ್ಯಾಟಿ, ಹೆಣ್ಣುಮರೀನೂ ಜಗಳಾಡ್ತಾವ" ಎಂದೆ.

"ಇಷ್ಟು ಸೊಕ್ಕು ಹುಂಜಕ್ಕ ಮಾತ್ರ" ಎಂದು ಅತ್ತೆಯೂ ದೊಡ್ಡಪ್ಪನ ಪರ ನಿಂತಳು.

ಮುಂದಿನ ರಜೆಯ ಹೊತ್ತಿಗೆ ಗಂಡುಮರಿಗಳ ಜುಟ್ಟು ಕೆಂಪೇರಿ, ಒಡೆದ ದನಿಯಲ್ಲಿ ಕೂಗಲು ಕಲಿತಿದ್ದವು. ಚುಕ್ಕಿ ಕೂಗಲಿಲ್ಲ. ಸೊಕ್ಕು ಹಾಗೇ ಇತ್ತು, ಆದರೆ ಮೊಟ್ಟೆಯಿಡಲು ಮೂಲೆಯ ಬುಟ್ಟಿ ಹುಡುಕುತ್ತಿತ್ತು.

ಮಂಗಳವಾರ ದೊಡ್ಡಪ್ಪ ಓಣಿಯ ಹಿರಿಯರೊಂದಿಗೆ ಬಂದ. "ಹ್ಯಾಟಿ ಆದ್ರೇನು? ದಾರ ಕಟ್ಟೀನಿ. ಹರಕಿ ಮುಗಿಸಿ, ಗಂಡು ನೋಡೋದ."

ನಾನು ಗಂಟಲು ಸರಿಮಾಡಿಕೊಂಡೆ. "ನೀ ಸುಮ್ಮಕಿರು!" ಎಂದು ಗದರಿದ ಅತ್ತೆ, ಚುಕ್ಕಿಯ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೈಯೂರಿ ಕೂತಳು.

"ಅಣ್ಣಾ, ದೇವಿ ಮುಂದ ಏನಂದಿ? ಹುಂಜ ಅಂದಿ. ಇದು ಹುಂಜೇನು?"

"ಹಂಗಾದ್ರ ನಿನ್ನ ಬ್ಯಾರೆ ಹುಂಜ ಕೊಡು."

"ನಾ ಯಾಕ ಕೊಡ್ಲಿ? ಹರಕಿ ನಿಂದು, ಬಾಯಿ ಈಕಿದು. ಈಕಿನ್ನ ಕೇಳಿದೇನು?"

"ಹೆಣ್ಣು ಹುಡುಗೀನ್ನ ಏನು ಕೇಳೋದು? ದೇವಿ ಸಿಟ್ಟಾದ್ರ?"

"ಆಕೀನೂ ಹೆಣ್ಮಗಳ ಅದಾಳ, ನಾ ಮಾತಾಡ್ಕೋತೀನಿ. ಈಕಿ ಬಾಯಿ ಕಟ್ಟಿದ್ರ ನನ್ನ ಕೂಡ ಜಗಳಾಡೋರು ಯಾರದಾರ ಈ ಮನ್ಯಾಗ?"

ಹಿರಿಯರಲ್ಲೊಬ್ಬರು ನಕ್ಕುಬಿಟ್ಟರು. ದೊಡ್ಡಪ್ಪ ಟವೆಲು ಕೊಡವಿ ಎದ್ದು ಹೋದ. ಅತ್ತೆ ಚುಕ್ಕಿಯನ್ನು ಎಳೆದುಕೊಂಡು, ಕಾಲಿನ ದಾರವನ್ನು ಹಲ್ಲಿನಿಂದಲೇ ಕಡಿದು ಉಗುಳಿದಳು. ನನ್ನ ಕಾಲೇಜು ಉಳಿಯಿತು.

ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಅತ್ತೆ ನನ್ನನ್ನು ಕಳಿಸಲು ಬಂದಾಗ ಕೇಳಿದೆ: "ಹ್ಯಾಟೀನೂ ಜಗಳಾಡ್ತಾವ ಅಂತ ಈಗರೆ ಒಪ್ತಿಯೇನು?"

"ಒಪ್ಪಂಗಿಲ್ಲ. ಅದೊಂದು ಹಂಗದ, ನಿನ್ನಂಗ."

ಅವಳನ್ನು ಕಂಡದ್ದು ಅದೇ ಕೊನೆ. ಜ್ವರವೊಂದು ಅವಳನ್ನು ಒಯ್ದಿತು.

ಅವಳ ತಿಥಿಗೆಂದು ಊರಿಗೆ ಹೋದಾಗ ತಗಡಿನೊಳಗೆ ಚುಕ್ಕಿಯ ಮರಿಗಳು ಎದೆಗೆ ಎದೆ ಕೊಟ್ಟು ನಿಂತಿದ್ದವು. ಡಬ್ಬಿ ಮುಟ್ಟದೆ, ಬರೀ ಅವಳ ಬೈಗುಳದಿಂದ ಕರೆದೆ: "ಬರ್ರಲೇ, ಹೊಟ್ಟಿಬಾಕರಾ!" ಒಂದೂ ತಿರುಗಿ ನೋಡಲಿಲ್ಲ. ವಾದದಲ್ಲಿ ನಾನೇ ಗೆದ್ದಿದ್ದೆ. ಒಪ್ಪುವುದಿಲ್ಲ ಎನ್ನಲು ಎದುರಿಗೆ ಯಾರೂ ಇರಲಿಲ್ಲ.

ಕಟ್ಟೆಯ ಮೇಲಿಂದ ದೊಡ್ಡಪ್ಪ ರೇಗಿದ: "ಇವತ್ತರೆ ಸುಮ್ಮಕಿರಬಾರದೇನು?"

"ನಿನ್ನ ಹರಕಿ ತೀರಿಲ್ಲಲ್ಲ, ದೊಡ್ಡಪ್ಪಾ!" ಎಂದು ಮರಿಗಳನ್ನು ಮತ್ತೆ ಕರೆದೆ, ಇನ್ನೂ ಜೋರಾಗಿ.