ಆ ಗೊರಕೆಗೆ ಬೆಚ್ಚಿದ ಗೇರ್ ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೀಡಾ ಹಾಸ್ಟೆಲಿನ ಮುಂದೆ ಹಳೆಯ ಬಸ್ಸೊಂದು ಗುರುಗುಡುತ್ತ ನಿಂತಿದೆ. ವಾಲಿಬಾಲ್ ಆಡುವ ಹುಡುಗಿಯರು ಸೀಟಿಗೆ ಒರಗಿದ್ದೇ ತಡ, ಚಾಲಕಿ ಎದ್ದು ಬರುತ್ತಾರೆ. ಒಬ್ಬೊಬ್ಬರ ಭುಜ ಮುಟ್ಟಿ, ಮುಖದ ಮೇಲೆಳೆದುಕೊಂಡ ಜಾಕೆಟ್ ಸರಿಸಿ ಮಾತಾಡಿಸುತ್ತಾರೆ.

"ಮುಸುಕು ಹಾಕ್ಕೊಂಡು ಮಲಗ್ಬೇಡ ಮಗಳೇ. ಮೂಗು ಕಾಣ್ಬೇಕು ನಂಗೆ."

"ನನ್ನ ಮೂಗೇನು ನೋಡೋ ಹಾಗಿದೆಯಾ ಅತ್ತೆ?"

ಬಸ್ಸೆಲ್ಲ ನಗುತ್ತದೆ. ಅವರು ಮಾತ್ರ ನಗುವುದಿಲ್ಲ.

ಮಕ್ಕಳ ಬಾಯಲ್ಲಿ ಇವರು 'ಗೇರ್ ಅತ್ತೆ'. ಗಂಡ ಇದೇ ಬಸ್ಸು ಓಡಿಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮನೆಯ ಭಾರದ ಜೊತೆಗೆ ಸ್ಟಿಯರಿಂಗೂ ಇವರ ಕೈಗೆ ಬಂತು. "ಹೆಂಗಸು ಬಸ್ ಓಡಿಸ್ತಾಳೆ ಅಂತ ಮೊದಮೊದಲು ಅಪ್ಪ-ಅಮ್ಮಂದಿರು ಹೆದರ್ತಿದ್ರು. ಈಗ ಹೆದರೋದು ನಾನು," ಎನ್ನುತ್ತಾರೆ.

ಆ ಹೆದರಿಕೆ ಹುಟ್ಟಿದ್ದು ಕಳೆದ ವರ್ಷ, ಪಂದ್ಯಕ್ಕೆ ಹೊರಟ ಒಂದು ಬೆಳಿಗ್ಗೆ. ತಂಡದ ಎತ್ತರದ ಹುಡುಗಿ ಕೊನೆಯ ಸೀಟಿನಲ್ಲಿ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಗೆಳತಿಯರು ಬಿದ್ದು ಬಿದ್ದು ನಕ್ಕರು. "ನಿನ್ನೆ ಪ್ರಾಕ್ಟೀಸ್ ಜಾಸ್ತಿ ಆಯ್ತು, ಮಲಗ್ಲಿ ಬಿಡಿ," ಎಂದರು ಕೋಚ್ ಮೇಡಂ.

"ಗೊರಕೆ ನಂಗೇನು ಹೊಸದಾ?" ಎನ್ನುತ್ತಾರೆ ಅತ್ತೆ. "ನಮ್ಮೆಜಮಾನ್ರು ಹೊಡೆದ್ರೆ ಅಡುಗೆಮನೆ ಪಾತ್ರೆ ಅಲ್ಲಾಡ್ತವೆ. ಇದು ಹಾಗಿರ್ಲಿಲ್ಲ. ಗಂಟಲಲ್ಲಿ ನೀರು ಕಟ್ಟಿದ ಹಾಗೆ. ಒಂದ್ಸಲ ಬರೋದು, ಆಮೇಲೆ ಸದ್ದೇ ಇಲ್ಲ. ಆ ಸದ್ದಿಲ್ಲದ ಹೊತ್ತಿಗೆ ನನ್ನ ಕಾಲು ಬ್ರೇಕ್ ಮೇಲೆ ಹೋಯ್ತು."

ಬಸ್ಸು ನಿಲ್ಲಿಸಿ ಹಿಂದಕ್ಕೆ ಓಡಿದರು. ಹುಡುಗಿಯ ತುಟಿ ನೀಲಿಗಟ್ಟಿತ್ತು. ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಪಂದ್ಯಕ್ಕೆ ತಡವಾಗುತ್ತದೆ ಎಂದು ಯಾರೋ ಅನ್ನುವಷ್ಟರಲ್ಲಿ ಬಸ್ಸು ಆಸ್ಪತ್ರೆಯ ಕಡೆ ತಿರುಗಿತ್ತು. ಕೋಚ್ ಮೇಡಂ ಅಳುತ್ತಲೇ, ಫೋನಿನಲ್ಲಿ ಆಸ್ಪತ್ರೆಯವರು ಹೇಳಿದಂತೆ, ಬಾಯಿಗೆ ಬಾಯಿಟ್ಟು ಉಸಿರು ತುಂಬಿದರು.

ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟ ಮೇಲೆ ಜೀವ ಮರಳಿತು. ಮಂಡಿನೋವು ಅಂದರೆ ತಂಡದಿಂದ ಕೈಬಿಡುತ್ತಾರೆಂದು ಹೆದರಿ, ಫೋನಿನಲ್ಲಿ ಪರಿಚಯವಾದವನಿಂದ ಅವಳು ನೋವಿನ ಮಾತ್ರೆ ತರಿಸಿಕೊಂಡಿದ್ದಳು. ಬಣ್ಣ, ಆಕಾರ, ಮೇಲಿನ ಅಚ್ಚು ಎಲ್ಲವೂ ಔಷಧಿ ಅಂಗಡಿಯ ಮಾತ್ರೆಯಂತೆಯೇ ಇತ್ತು. ಒಳಗಿದ್ದದ್ದು ನಿದ್ದೆಗೆ ಕೆಡವಿ ಉಸಿರು ನಿಲ್ಲಿಸುವ ಮಾದಕ ವಿಷ. ನುಂಗಿದ್ದು ಒಂದೇ ಒಂದು.

ಹುಡುಗಿ ಈಗ ಮತ್ತೆ ಆಡುತ್ತಿದ್ದಾಳೆ. ಮಾರಿದವನು ಮಾತ್ರ ಸಿಕ್ಕಿಲ್ಲ. "ಅವನ ಮುಖ ನಾನು ನೋಡಿಲ್ಲ. ಅದಕ್ಕೇ ಹಾಸ್ಟೆಲ್ ಗೇಟಲ್ಲಿ ಯಾವ ಬೈಕ್ ನಿಂತ್ರೂ ಹೋಗಿ ಮುಖ ನೋಡ್ತೀನಿ. ಇವನೇ ಇರ್ಬಹುದಾ, ಅವನೇ ಇರ್ಬಹುದಾ ಅಂತ."

ಯಾರಿಗೆ ಎಲ್ಲಿ ನೋವಿದ್ದರೂ ಈಗ ಮೊದಲು ತಿಳಿಯುವುದು ಅತ್ತೆಗೆ. ಡ್ಯೂಟಿ ಮುಗಿದ ಮೇಲೆ ಅವರೇ ವೈದ್ಯರ ಬಳಿ ಕರೆದೊಯ್ದು ಹೊರಗೆ ಕಾಯುತ್ತಾರೆ. ನೋವು ಹೇಳಿಕೊಂಡವರನ್ನು ತಂಡದಿಂದ ತೆಗೆಯುವುದಿಲ್ಲ ಎಂದು ಕೋಚ್ ಮೇಡಂ ಬಾಯಿಂದ ಎಲ್ಲರೆದುರೇ ಹೇಳಿಸಿದ್ದಾರೆ. ಮೊನ್ನೆ ಒಬ್ಬಳು ಎಲ್ಲರೂ ಇಳಿದ ಮೇಲೆ ಬಂದು, "ಬೈಬೇಡಿ ಅತ್ತೆ," ಎನ್ನುತ್ತ ಮುಷ್ಟಿ ಬಿಚ್ಚಿದಳಂತೆ. ಅಂಗೈಯಲ್ಲಿ ಅಂಥದ್ದೇ ಎರಡು ಮಾತ್ರೆ.

"ಬೈದ್ರಾ?" ಎಂದು ಕೇಳಿದರೆ,

"ಬೈದ್ರೆ ನಾಳೆ ಇನ್ನೊಬ್ಬಳು ಕೊಡೋದಿಲ್ಲ. ತಬ್ಕೊಂಡೆ."

ನಿಮಗೇನಾದರೂ ಆಸೆ ಇದೆಯೇ ಎಂದರೆ ಕೈ ಒರೆಸಿಕೊಂಡು ಗೇರ್ ಹಾಕುತ್ತಾರೆ.

"ಡ್ರೈವರ್‌ಗೆ ಇನ್ನೇನು ಆಸೆ? ಹತ್ತಿಸ್ಕೊಂಡ ಅಷ್ಟೂ ಮಕ್ಕಳು ಅವರವರ ಕಾಲ ಮೇಲೆ ಇಳೀಬೇಕು."