ಕಾಕು ಕೂಡಿಸಿದ ಗೆರೆ

ರಾಳ ಸುಟ್ಟ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಸೋಲ್ಡರಿಂಗ್ ಐರನ್ನಿನ ಕಾದ ತುದಿಗೆ ಸೀಸದ ತಂತಿ ತಾಗಿದಾಗ ಏಳುವ ಹೊಗೆಯ ವಾಸನೆ ಅದು. ದೇವರ ಮನೆಯ ಧೂಪಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಇದೆ ಎಂಬುದು ನನ್ನ ವಾದ, ಹೆಂಡತಿ ಒಪ್ಪುವುದಿಲ್ಲ. ಮೊನ್ನೆ ಬೆಳಗಾವಿಯ ಖಾಸಬಾಗದ ನಮ್ಮ ಮನೆಯಲ್ಲಿ, ಖಾನಾಪುರದಿಂದ ರಿಪೇರಿಗೆ ಬಂದಿದ್ದ ಹಳೆಯ ಆಕಾಶಬುಟ್ಟಿಯೊಂದನ್ನು ಬಿಚ್ಚಿಕೊಂಡು ಕುಳಿತಿದ್ದೆ. ಹೊಗೆ ಎದ್ದ ಕೂಡಲೇ ಅವಳು, "ಚಾಲೂ ಆತ ನೋಡ್ರಿ ನಿಮ್ಮ ಪೂಜಿ" ಎನ್ನುತ್ತ ಕಿಟಕಿ ತೆರೆದಳು. ನನಗೆ ಕಾಕು ನೆನಪಾದಳು. ಕಾಕು ಎಂದರೆ ನನ್ನ ಚಿಕ್ಕಪ್ಪನ, ಅಂದರೆ ಕಾಕಾನ, ಹೆಂಡತಿ. ಗಾಬರಿಯಾಗಬೇಡಿ, ಗಟ್ಟಿಮುಟ್ಟಾಗಿಯೇ ಇದ್ದಾಳೆ. ಇಂಥ ಬರಹಗಳಲ್ಲಿ ನೆನಪಾದವರೆಲ್ಲ ತೀರಿಹೋಗಿರಬೇಕು ಎಂಬ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಕಾಕು ಖಾನಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಊರಿಗೆ ಯಾವ ಸಾಹೇಬರು ಬಂದರೂ ಕರಿಹಲಗೆಯ ಮೇಲೆ ಬಣ್ಣದ ಖಡುವಿನಿಂದ 'ಸುಸ್ವಾಗತ' ಅರಳಿಸುವ ಕೆಲಸ ಅವಳದೇ. ಯಾರ ಮನೆಯ ಮದುವೆಯಿದ್ದರೂ ಅಂಗಳದ ರಂಗೋಲಿಗೆ ಅವಳಿಗೇ ಬುಲಾವು. ನಿವೃತ್ತಿಯಾದ ಮೇಲೆ ಸಾಹೇಬರೂ ಬರಲಿಲ್ಲ, ಬುಲಾವೂ ಕಡಿಮೆಯಾಯಿತು. ನಾನಾಗ ಬೆಳಗಾವಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದೆ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಒಬ್ಬ ಗೆಳೆಯನ ಮುಖ ಇನ್ನೊಬ್ಬನದಕ್ಕಿಂತ ಬೆರಳಗಲ ಸಣ್ಣದಾದರೆ ಎಂಥ ಕದನ ಶುರುವಾಗುತ್ತದೆ ಎಂದು ಬಲ್ಲವನು ನಾನು. ಆ ತಲೆಬೇನೆ ಕಳೆಯಲು ಎಲೆಕ್ಟ್ರಾನಿಕ್ಸ್ ಹುಚ್ಚು ಹಚ್ಚಿಕೊಂಡಿದ್ದೆ. ನನ್ನ ಅಲ್ಲಿಯವರೆಗಿನ ಸಾಧನೆ ಒಂದು ಕರೆಗಂಟೆ. ಮನೆಗೆ ಯಾರಾದರೂ ಬಂದಾಗ ಅದು ಸುಮ್ಮನಿರುತ್ತಿತ್ತು, ಬಾಜೂ ಮನೆಯ ಫ್ರಿಜ್ ಚಾಲೂ ಆದಾಗ ಮಾತ್ರ ತಪ್ಪದೆ ಬಾರಿಸಿಕೊಳ್ಳುತ್ತಿತ್ತು.

ಇಂಥ ಗುರುವನ್ನು ಹುಡುಕಿಕೊಂಡು ಕಾಕು ಬಂದಳು. "ತಮ್ಮಾ, ನನಗೂ ಕಲಸೋ. ಕೈ ಖಾಲಿ ಕುಂತಾವು" ಎಂದಳು.

ಅಲ್ಲಿಂದ ರವಿವಾರಗಳು ಖಾನಾಪುರದ ಪಾಲಾದವು. ಅಡುಗೆಮನೆಯ ಮೂಲೆಯೊಂದನ್ನು ಕಾಕು ಹಿಡಿದಳು. ಹಳೆಯ ಮಸಾಲೆ ಡಬ್ಬಿಯಲ್ಲಿ ಸಾಸಿವೆಯ ಬಟ್ಟಲಿಗೆ ಕೆಂಪು ಎಲ್‌ಇಡಿ, ಜೀರಿಗೆಯ ಬಟ್ಟಲಿಗೆ ಹಳದಿ, ಮೆಂತ್ಯದ ಬಟ್ಟಲಿಗೆ ರೆಸಿಸ್ಟರುಗಳು ಬಂದವು. ಒಮ್ಮೆ ಕಾಕಾ ತಾವೇ ಅವಲಕ್ಕಿ ಮಾಡಿಕೊಳ್ಳಲು ಹೋಗಿ ಕಾದ ಎಣ್ಣೆಯ ಮೇಲೆ ಆ ಡಬ್ಬಿ ಎತ್ತಿದ್ದರಂತೆ. ಮಾಡಬಾರದ ಒಗ್ಗರಣೆಯೊಂದು ಅಂದು ಕೂದಲೆಳೆಯಲ್ಲಿ ತಪ್ಪಿತು.

ಕಾಕಾ ಕೆಟ್ಟವರಲ್ಲ. ಬಿಳಿ ಧೋತರ, ಮುಂಜಾನೆಯ ರೇಡಿಯೋ, ಇವೆರಡಕ್ಕೆ ಧಕ್ಕೆ ಬರದಿದ್ದರೆ ಅವರಷ್ಟು ಶಾಂತರು ಇನ್ನೊಬ್ಬರಿಲ್ಲ. ಆದರೆ ಸರ್ಕಿಟ್ ಹಲಗೆ ಮಾಡುವ ರೀತಿಯೇ ಅಪಾಯದ್ದು. ತಾಮ್ರದ ತಗಡು ಅಂಟಿಸಿದ ಹಲಗೆಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಒಂದು ಕೆಂಗಂದು ರಸಾಯನದಲ್ಲಿ ಅದ್ದಬೇಕು. ಮಸಿ ಇಲ್ಲದ ಕಡೆಯ ತಾಮ್ರವೆಲ್ಲ ಕರಗಿ, ಗೆರೆಯ ಕೆಳಗಿನದು ಉಳಿಯುತ್ತದೆ. ಅದೇ ಕರೆಂಟಿನ ದಾರಿ. ಆ ರಸಾಯನದ ಕಲೆ ಬಟ್ಟೆಗೆ ಬಿದ್ದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಬಿದ್ದದ್ದು ಧೋತರಕ್ಕೆ.

"ಸಾಲಿಯೊಳಗ ಇಷ್ಟ ವರ್ಷ ಬಣ್ಣಾ ಬಳಕೊಂಡ ಬಂದಿ, ನಾ ಏನರೆ ಅಂದ್ನೇನು?" ಎಂದರು ಕಾಕಾ. "ಈ ದೀಪಾವಳಿಗೆ ನಿನ್ನ ಆಕಾಶಬುಟ್ಟಿ ಹತ್ತಲಿಲ್ಲಂದ್ರ ಈ ಡಬ್ಬಿ ಎಲ್ಲಾ ಗುಜರಿಗೆ ಹಾಕೂದು."

"ಹತ್ತಲಿಲ್ಲಂದ್ರ ನಾನ ಒಯ್ದು ಹಾಕತೀನಿ ತಗೋರಿ" ಎಂದುಬಿಟ್ಟಳು ಕಾಕು. ಆಡಿದ ಮಾತನ್ನು ನುಂಗುವ ಹೆಂಗಸಲ್ಲ ಅವಳು. ನನಗೆ ಚಿಂತೆ ಹತ್ತಿತು. ಆ ಮೂಲೆ ಸಿಕ್ಕ ಮೇಲೆ ಅವಳು ಮತ್ತೆ ಟೀಚರಿನ ಹಾಗೆ ಬಿರುಸಾಗಿ ನಡೆಯತೊಡಗಿದ್ದಳು.

ಆಕಾಶಬುಟ್ಟಿಯ ಕಾಗದದ ಕೆಲಸ ಕಾಕುವಿನದು. ನವಿಲು, ಬಳ್ಳಿ ಕತ್ತರಿಸಿ ಕತ್ತರಿಸಿ ಜಾಲರಿ ಮಾಡಿದಳು. ಒಳಗೆ ದೀಪಗಳು ಒಂದರ ಹಿಂದೊಂದು ಓಡುವ ಸರ್ಕಿಟ್ ನನ್ನದು. ಕಂಪ್ಯೂಟರಿನಲ್ಲಿ ನೇರ ಗೆರೆಗಳ ನಕ್ಷೆ ಮಾಡಿ, ಪ್ರಿಂಟ್ ತೆಗೆದು ಹೆಮ್ಮೆಯಿಂದ ಕೊಟ್ಟೆ. ಕಾಕು ಕನ್ನಡಕ ಏರಿಸಿ ನೋಡಿದಳು.

"ಇದೇನೋ ಇದು, ಗಟಾರದ ನಕಾಶಿ ಇದ್ದಂಗ ಐತಿ."

"ಕಾಕೂ, ಇದು ಒಳಗ ಇರೂದು. ಯಾರಿಗೂ ಕಾಣೂದಿಲ್ಲ."

"ನನಗ ಕಾಣತೈತಲಾ."

ಅದೇ ನಕ್ಷೆಯನ್ನು ಬಳುಕಿಸಿ, ಸುರುಳಿ ಸುತ್ತಿ, ತಾಮ್ರದ ಮೇಲೆ ಕೈಯಿಂದಲೇ ಇಳಿಸಿದಳು. ಅಷ್ಟು ಚೆಂದದ ಸರ್ಕಿಟ್ಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡಿರದಿದ್ದಕ್ಕೆ ಕಾರಣವಿದೆ ಎಂದು ಆಮೇಲೆ ಗೊತ್ತಾಯಿತು.

ಹಬ್ಬದ ಹಿಂದಿನ ದಿನ ಪರೀಕ್ಷೆ. ಕಾಕಾನ ರೇಡಿಯೋದ ಅಡಾಪ್ಟರನ್ನೇ ಕಡ ತಂದು ಜೋಡಿಸಿದೆವು. ದೀಪ ಒಂದೂ ಹತ್ತಲಿಲ್ಲ. ಅಡಾಪ್ಟರು ಕಾದ ಹಂಚಿನಂತಾಗಿ, ಸಣ್ಣಗೆ ನಾತ ಬಿಟ್ಟು, ಪ್ರಾಣ ಬಿಟ್ಟಿತು. ಕಾಕಾ ಬಯ್ಯಲಿಲ್ಲ. ಅಟ್ಟದಿಂದ ಒಂದು ಖಾಲಿ ರಟ್ಟಿನ ಡಬ್ಬಿ ಇಳಿಸಿ, ಧೂಳು ಜಾಡಿಸಿ, ಕಾಕುವಿನ ಮೂಲೆಯಲ್ಲಿ ಇಟ್ಟು ಹೋದರು.

ನಾನು ಮೀಟರು ಹಿಡಿದು ಕುಳಿತೆ. ಪ್ಲಸ್ಸು ಮೈನಸ್ಸು ಕೂಡಿದ್ದರೆ ಕುಂಯ್ ಎನ್ನುವುದು ಅದರ ಕೆಲಸ. ಎಲ್ಲಿ ಇಟ್ಟರೂ ಕುಂಯ್ ಎಂದಿತು. ಪಾಪ, ಅದು ಖರೇ ಹೇಳುತ್ತಿತ್ತು. ನಾನು ಮೀಟರೇ ಕೆಟ್ಟಿದೆ ಎಂದು ಅದರ ಬೆನ್ನಿಗೆ ಗುದ್ದಿದೆ.

ಮರುದಿನ ನಸುಕಿನಲ್ಲಿ ಅಭ್ಯಂಗದ ಎಣ್ಣೆ ಮೈಗೆಲ್ಲ ಸುರಿದುಕೊಂಡು, ನೀರು ಕಾಯುವ ತನಕ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಕಾಕು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಮುಖದಲ್ಲಿ ಹಬ್ಬ ಇರಲಿಲ್ಲ. ಗೆರೆ ಸುತ್ತಿ ಸುತ್ತಿ ಶುರುವಾದ ಕಡೆಗೇ ಬಂತು. ಅಲ್ಲೊಂದಿಷ್ಟು ಸಂದು ಉಳಿದಿತ್ತು. ಎದ್ದವಳು ಮತ್ತೆ ಬಗ್ಗಿ, ಚಿಟಿಕೆ ಪುಡಿಯಿಂದ ಅದನ್ನು ಮುಚ್ಚಿದಳು.

"ಅದ್ಯಾಕ ಕಾಕೂ?"

"ಬಾಯಿ ಬಿಟ್ಟ ಗೆರಿ ಹಾಕಬಾರದೋ. ಲಕ್ಷ್ಮಿ ನಿಲ್ಲೂದಿಲ್ಲ."

ನಾನು ಎಣ್ಣೆ ಮೈಯಲ್ಲೇ ಒಳಗೆ ಓಡಿದೆ. ಹಲಗೆಯ ಅಂಚಿನಲ್ಲಿ ಪ್ಲಸ್ಸಿನ ಗೆರೆ ಒಂದು ಕಡೆಯಿಂದ, ಮೈನಸ್ಸಿನದು ಇನ್ನೊಂದು ಕಡೆಯಿಂದ ಬಂದು, ನಡುವೆ ಸಂದು ಬಿಟ್ಟು ನಿಲ್ಲಬೇಕಿತ್ತು. ನನ್ನ ನಕ್ಷೆಯಲ್ಲಿ ನಿಂತಿದ್ದವು. ಕಾಕುವಿನ ಹಲಗೆಯ ಮೇಲೆ ಒಂದು ಮುದ್ದಾದ ಎಲೆಯ ಆಕಾರದಲ್ಲಿ ಕೂಡಿಕೊಂಡಿದ್ದವು. ಕರೆಂಟು ದೀಪದ ಗೊಡವೆಗೇ ಹೋಗದೆ ಆ ಎಲೆಯ ಮೇಲೆ ಹಾಯಾಗಿ ತಿರುಗಾಡುತ್ತಿತ್ತು.

"ಇಲ್ಲೆ ಕಡದ್ರ ಮುಗೀತು" ಎಂದು ಬ್ಲೇಡು ಎತ್ತಿದೆ.

ಕಾಕು ನನ್ನ ಕೈ ಹಿಡಿದಳು. "ಹಬ್ಬದ ದಿನಾ ಕೂಡಿದ ಗೆರಿ ಕಡೀತೀ ಏನೋ?"

"ಕಡೀಲಿಲ್ಲಂದ್ರ ಹತ್ತೂದಿಲ್ಲ ಕಾಕೂ."

ಹೊರಗೆ ಕಾಕಾ ಕೆಮ್ಮಿದರು. ಕಾಕು ರಟ್ಟಿನ ಡಬ್ಬಿಯ ಕಡೆ ನೋಡಿದಳು, ಹಲಗೆಯ ಕಡೆ ನೋಡಿದಳು. ಕಡೆಗೆ ನನ್ನ ಕೈಯಿಂದ ಬ್ಲೇಡು ಕಸಿದುಕೊಂಡು ಆ ಎಲೆಯ ತಾಮ್ರವನ್ನು ತಾನೇ ಕೆರೆದು ತೆಗೆದಳು. ಆಮೇಲೆ ಕೆಂಪು ಮಾರ್ಕರು ತೆಗೆದು, ತಾಮ್ರ ಹೋದ ಜಾಗದಲ್ಲಿ ಅದೇ ಎಲೆಯನ್ನು ಬರೇ ಮಸಿಯಲ್ಲಿ ಬರೆದು, ಈ ತುದಿಗೂ ಆ ತುದಿಗೂ ಕೂಡಿಸಿದಳು.

"ಮಸಿಯೊಳಗ ಕರೆಂಟ ಹೋಗತೈತೇನು?"

"ಇಲ್ಲ."

"ಹಂಗಾರ ಸರಿ. ಕರೆಂಟಿಗೆ ಕಾಣೂದಿಲ್ಲ, ಲಕ್ಷ್ಮಿಗೆ ಕಾಣತೈತಿ."

ಸಂಜೆ ನನ್ನ ಫೋನಿನ ಚಾರ್ಜರು ಹಚ್ಚಿ ಆಕಾಶಬುಟ್ಟಿ ತೂಗುಹಾಕಿದೆವು. ನವಿಲುಗಳ ಹಿಂದೆ ದೀಪಗಳು ಒಂದರ ಹಿಂದೊಂದು ಓಡಿದವು. ಕಾಕಾ ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿ, "ಹತ್ತೇತಿ. ನನ್ನ ರೇಡಿಯೋದ್ದೇನು?" ಎಂದರು.

"ಕೊಡ್ರಿ, ಅದನ್ನೂ ಬಿಚ್ಚತೀನಿ" ಎಂದಳು ಕಾಕು. ಕಾಕಾ ರೇಡಿಯೋ ಎತ್ತಿಕೊಂಡು ಒಳಗೆ ಹೋದರು. ರಟ್ಟಿನ ಡಬ್ಬಿಯಲ್ಲಿ ಆಮೇಲೆ ಕಾಕುವಿನ ವೈರುಗಳು ತುಂಬಿದವು.

ಮೊನ್ನೆ ನನ್ನೆದುರು ಬಿಚ್ಚಿಕೊಂಡಿದ್ದು ಅದೇ ಬುಟ್ಟಿ. ಕಾಗದ ಎಷ್ಟೋ ಸಲ ಬದಲಾಗಿದೆ, ಹಲಗೆ ಅದೇ. ವೈರೊಂದು ಬಿಟ್ಟಿತ್ತು, ಅಷ್ಟೆ. ಮೊದಲಾಗಿದ್ದರೆ ಕಾಕುವೇ ಹಚ್ಚುತ್ತಿದ್ದಳು, ಆದರೆ ಈಗ ಅವಳ ಕೈ ನಡುಗುತ್ತದೆ. ಅದಕ್ಕೇ ಕಳಿಸಿದ್ದು. ಆ ಕೈ ನಡುಗುತ್ತದೆ ಎಂಬುದನ್ನು ಬರೆಯಲು ನನಗೆ ಇಷ್ಟು ಪುಟ ಬೇಕಾಯಿತು.

ಬೆಸುಗೆ ಹಾಕಿದೆ. ದೀಪ ಓಡಿತು. ಮುಚ್ಚಳ ಹಾಕಲು ಹೋದವನು ನಿಂತೆ. ಕೆಂಪು ಎಲೆ ಮಾಸಿಹೋಗಿತ್ತು, ನಡುವೆ ಸಂದು ಬಿಟ್ಟಿತ್ತು. ಸರ್ಕಿಟ್ಟಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ನಾನು ಎದ್ದು ಹೋಗಿ ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೆಂಪು ಮಾರ್ಕರು ತಂದೆ. ನೇರ ಗೆರೆ ಬಿಟ್ಟು ಬೇರೇನೂ ಬಾರದ ಕೈ ನನ್ನದು. ಬಳುಕಿಸಿ ಎಳೆದೆ, ಎಲೆ ಹೋಗಿ ಮೆಣಸಿನಕಾಯಿ ಆಯಿತು. ಆದರೆ ಕೂಡಿತು.

ಫೋನು ಮಾಡಿದೆ. "ಹತ್ತೇತಿ ಕಾಕೂ."

"ಅದು ಹತ್ತತೈತಿ ಬಿಡೋ. ಗೆರಿ ಕೂಡಿಸಿದೀ?"

"ಕೂಡಸೀನಿ."

ಫೋನಿನಲ್ಲಿ ಹಿಂದಿನಿಂದ ಬರುತ್ತಿದ್ದ ರೇಡಿಯೋದ ಸದ್ದು ತಟಕ್ಕನೆ ನಿಂತಿತು. ಕಾಕಾನ ದನಿ ಕೇಳಿಸಿತು: "ತೆಳ್ಳಗ ಎಳದಾನೇನ ಕೇಳು. ಲಕ್ಷ್ಮಿಗೆ ಕಾಣಬೇಕ ಮತ್ತ."